ಅಳತೆಗೆ ಸಿಗದ ಬಾವಿ

"ಅಲ್ಲೇ ನಿಲ್ರಿ! ನಮ್ಮ ಬಾವಿ ಹತ್ರ ಬರಬ್ಯಾಡ್ರಿ!"

ಅಸ್ಮಾ ಕೂಗಿದಳು. ಆದರೆ ಆ ಕೂಗಿನಲ್ಲಿ ಸಿಟ್ಟೇ ಇರಲಿಲ್ಲ... ಯಾರೋ ಬೇರೆಯವರು ಅವಳ ಬಾಯಿಂದ ಮಾತಾಡಿದ ಹಾಗಿತ್ತು.

ಹೊಲದ ಬದುವಿನ ಮೇಲೆ ಆಸೀಮ್ ನಿಂತುಬಿಟ್ಟ. ಕೈಯಲ್ಲಿ ಅಳತೆಯ ಟೇಪು. ಸಿಂಧನೂರಿನ ಹುಡುಗ, ಅಂತರ್ಜಲ ಅಳೆಯುವ ಎಂಜಿನಿಯರು. ಹೋದ ತಿಂಗಳವರೆಗೂ ಅವಳನ್ನು ಮದುವೆಯಾಗಬೇಕಿದ್ದವನು.

ಪಾಮನಕಲ್ಲೂರಿನ ಪಕ್ಕದ ಗುಡ್ಡದಲ್ಲಿ ಕಲ್ಲಿನ ಕ್ವಾರಿ ಆಳಕ್ಕಿಳಿದಂತೆಲ್ಲ ಬಾವಿಗಳು ಬತ್ತುತ್ತಿವೆ, ಹಳ್ಳ ಸೊರಗುತ್ತಿದೆ ಎಂದು ಊರವರು ದೂರು ಕೊಟ್ಟಿದ್ದರು. ಅದು ನಿಜವೇ ಎಂದು ಅಳೆಯಲು ಬಂದವನೇ ಆಸೀಮ್. ಕ್ವಾರಿಗೆ ಎಲ್ಲಕ್ಕಿಂತ ಹತ್ತಿರದ್ದು ಅಸ್ಮಾಳ ಮನೆಯ ಬಾವಿ. ಬತ್ತಿದ ಆ ಬಾವಿಯೇ ದೊಡ್ಡ ಸಾಕ್ಷಿ ಎಂದು ಊರೆಲ್ಲ ನಂಬಿಕೊಂಡಿತ್ತು.

ಆದರೆ ಅವನ ಮೊದಲ ವರದಿಯಲ್ಲಿ ಆ ಬಾವಿಯೇ ಇರಲಿಲ್ಲ!

"ಕ್ವಾರಿಯವ್ರು ನಿನ್ನ ದುಲ್ಹಾನ ಬಾಯಿ ಮುಚ್ಚ್ಯಾರ ನೋಡವಾ," ಎಂದು ಪಕ್ಕದ ಮನೆಯ ಪೀರ್‌ಬೀ ಕುಟುಕಿದ್ದಳು.

ಅಂದೇ ಅಸ್ಮಾ ಸಂಬಂಧ ಮುರಿದಳು. ಅಳಲಿಲ್ಲ. ರೊಟ್ಟಿ ಬಡಿದಳು, ಎಮ್ಮೆಗೆ ಮೇವು ಹಾಕಿದಳು. ನಮಾಜಿನ ಕೊನೆಗೆ ಕೈಯೆತ್ತಿದರೆ ದುವಾ ಮಾತ್ರ ನಾಲಿಗೆಗೆ ಬರಲಿಲ್ಲ. ಎದೆಯೊಳಗೆ ಏನೂ ಇಲ್ಲ... ನೋವೂ ಇಲ್ಲ.

"ಅಸ್ಮಾ, ಒಂದ್ ಮಾತು ಕೇಳು," ಎಂದ ಆಸೀಮ್ ಬದುವಿನ ಮೇಲಿಂದಲೇ. "ಆವತ್ತು ನಾ ಅಳಿಯಾಕ ಬಂದಾಗ ಈ ಬಾವ್ಯಾಗ ನೀರಿತ್ತು."

"ಸುಳ್ಳು! ಬ್ಯಾಸಿಗಿ ಸುರುವಾದಾಗಿಂದ ಬತ್ತೇದ."

"ಇತ್ತು. ಆದ್ರ ಇಲ್ಲೀ ನೆಲದ ನೀರಲ್ಲ. ಈ ಕಲ್ಲಿನ ನೀರು ಸೌಳು. ನಾ ಉಪ್ಪು ಅಳಿಯೋ ಮೀಟರ್ ಅದ್ದಿ ನೋಡಿದ್ರ ಸಿಹಿ... ಕಾಲುವಿ ನೀರು."

ಅಂದು ಅಸ್ಮಾ ಮಸ್ಕಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಮನೆಯಲ್ಲಿದ್ದದ್ದು ಅಜ್ಜಿ, ಅವಳ ದಾದಿ ಲಾಲ್‌ಬೀ ಒಬ್ಬಳೇ.

ಮೆಲ್ಲಗೆ ತಿರುಗಿದಳು. ಹೊಸ್ತಿಲಲ್ಲಿ ಲಾಲ್‌ಬೀ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

"ದಾದಿ... ಏನ್ ಮಾಡ್ದಿ?"

"ನಸುಕಿನ್ಯಾಗ ಟ್ಯಾಂಕರ್ ತರ್ಸಿ ಸುರುವಿಸಿದೆ, ಬೇಟಿ. ಮೊಮ್ಮಗಳನ್ನ ಮಾಡ್ಕೊಳ್ಳೋ ಹುಡುಗ ಬರ್ತಾನ, ಒಣ ಬಾವಿ ಹ್ಯಾಂಗ ತೋರಿಸ್ಲಿ? ಅಂವ ಬಾವಿ ಅಳಿಯಾಕ ಬಂದಾನೋ, ನಮ್ಮ ಮನಿ ಅಳಿಯಾಕ ಬಂದಾನೋ... ಈ ಮುದುಕಿಗೆ ಏನ್ ತಿಳೀಬೇಕು!"

ಅಸ್ಮಾ ಆಸೀಮ್‌ನ ಕಡೆ ತಿರುಗಿದಳು.

"ಗೊತ್ತಿದ್ದೂ ಯಾಕ ಸುಮ್ಮನಿದ್ರಿ?"

"ಸುರಿದ ನೀರಿನ ಅಳತಿ ಬರದ್ರ ಸುಳ್ಳಾಗ್ತಿತ್ತು. ಹಿಂದ ಕ್ವಾರಿ ಮಂದಿ ನಿಂತಿದ್ರು, ಅವ್ರ ಮುಂದ ದಾದಿ ಮಾನ ಹ್ಯಾಂಗ ತೆಗೀಲಿ? ಅದಕ್ಕ ಬಾವೀನ ಬಿಟ್ಟೆ. ನಿನಗ ಹೇಳೋಣಂದ್ರ ನೀ ಫೋನೇ ಎತ್ತಲಿಲ್ಲ."

"...ಈಗ?"

"ಕೊನೀ ವರದಿ ಇನ್ನೂ ಕೊಟ್ಟಿಲ್ಲ. ಈ ಬಾವಿ ಇಲ್ಲಂದ್ರ ಕ್ವಾರಿಯವ್ರು ಗೆಲ್ತಾರ. ಆದ್ರ ಎಲ್ಲಾರ ಮುಂದ ಅಳೀಬೇಕು. ಮೊದಲು ಯಾಕ ಬಿಟ್ಟಿದ್ದೆ ಅಂತನೂ ಬರೀಬೇಕು."

ಇಬ್ಬರೂ ದಾದಿಯ ಕಡೆ ನೋಡಿದರು. ಅವಳು ಸೆರಗು ಸರಿಸಿದಳು.

"ಬರಿ ಬೇಟಾ! ಲಾಲ್‌ಬೀ ಅಂತನ ಬರಿ. ಫೋಟೋ ಮಾತ್ರ ಹಾಕಬ್ಯಾಡ!"

ಅಸ್ಮಾ ಬೇಲಿಯ ತನಕ ನಡೆದಳು. "ಪೀರ್‌ಬೀ ಚಾಚಿ! ಎಲ್ಲಾರನ್ನೂ ಕರ್ಕೊಂಡು ಬರ್ರಿ. ನಮ್ಮ ಬಾವಿ ಹ್ಯಾಂಗ ಬತ್ತೇದ ನೋಡ್ರಿ!"

ಮಂದಿ ನೆರೆಯಿತು. ಟೇಪು ಇಳಿಯಿತು, ಇಳಿಯುತ್ತಲೇ ಹೋಯಿತು... ದಾದಿ ಸುರುವಿಸಿದ ನೀರೂ ಬಂಡೆಯ ಬಿರುಕು ಹಿಡಿದು ಕ್ವಾರಿಯ ಗುಂಡಿಗೇ ಹೋಗಿತ್ತು. ಟೇಪಿನ ತುದಿಯ ಗುಂಡು ತಳದ ಒಣಕಲ್ಲಿಗೆ ಬಡಿಯಿತು.

ಆ ಸದ್ದಿಗೆ ಅಸ್ಮಾಳ ಎದೆಯೊಳಗೆ ಏನೋ ಕದಲಿತು. ಇಷ್ಟು ದಿನ ಬಾರದ ಅಳು ಎಲ್ಲರೆದುರೇ ಉಕ್ಕಿಬಂತು.

ಆಸೀಮ್ ಅವಳ ಪಕ್ಕ ಬಂದು ನಿಂತ.

"ಮಳಿಗಾಲ ಮುಗಿದ ಮ್ಯಾಲೆ ಮತ್ತೊಮ್ಮೆ ಅಳೀಬೇಕು," ಎಂದ ಮೆಲ್ಲಗೆ. "ಆಗ ನನ್ನ ಬರಾಕ ಬಿಡ್ತೀಯೇನು?"

"ನಿಮ್ಮೊಬ್ರನ್ನ ಬಿಡಂಗಿಲ್ಲ."

"ಮತ್ತ?"

ಅವಳು ಕಣ್ಣೊರೆಸಿಕೊಂಡಳು. "ಅಷ್ಟೊತ್ತಿಗೆ ನಾನೂ ಸಿಂಧನೂರಿನ್ಯಾಗ ನಿಮ್ಮ ಮನ್ಯಾಗ ಇರ್ತೀನಲ್ರೀ... ಇಬ್ಬರೂ ಕೂಡೇ ಬರೋಣ."