ಹದಿಮೂರನೇ ತುಂಡು

‘ಹದಿಮೂರನೇ ತುಂಡನ್ನ ಎಷ್ಟು ಸಲ ಅದ್ದಿದ್ರಿ? ಅರ್ಜೆಂಟ್.’

ಮೃಗೇನನ ಮೆಸೇಜ್ ಓದಿ ತರಾಲಿ ಮಗ್ಗದ ಮುಂದೆ ಹಾಗೇ ಕೂತುಬಿಟ್ಟಳು. ಅವಳು ನೇಯ್ದು ಕೊಟ್ಟಿದ್ದು ಹನ್ನೆರಡೇ ತುಂಡು. ಹದಿಮೂರನೆಯದು ತುಂಡೇ ಅಲ್ಲ, ಕುತ್ತಿಗೆಗೆ ಸುತ್ತುವ ಗಮೋಸಾ ವಸ್ತ್ರ. ಎರಡೂ ತುದಿಗೆ ಕೆಂಪು ಹೂವು ಬಿಡಿಸಿ, ಕಂತೆಯ ಅಡಿಯಲ್ಲಿ ಮಡಚಿಟ್ಟಿದ್ದಳು. ಬಿಹು ಹಬ್ಬಕ್ಕೆ ಹೆಣ್ಣು ಕೈಯಾರೆ ನೇಯ್ದ ಗಮೋಸಾವನ್ನು ಒಬ್ಬ ಹುಡುಗನಿಗೆ ಕೊಟ್ಟರೆ ಬಾಯಿಬಿಟ್ಟು ಹೇಳಲು ಇನ್ನೇನು ಉಳಿದಿರುತ್ತದೆ? ಈ ಮಹಾಶಯ ಅದಕ್ಕೂ ನಂಬರ್ ಹಾಕಿದ್ದ.

ಗುವಾಹಟಿಯ ಲ್ಯಾಬಿನಿಂದ ಅವನು ತರಾಲಿಯ ಊರು ಸುವಾಲ್‌ಕುಚಿಗೆ ಬರತೊಡಗಿದ್ದೇ ಇಲ್ಲಿನ ನೇಕಾರರು ಚೆಲ್ಲುವ ನೀರಿಗಾಗಿ. ರೇಷ್ಮೆಗೂಡು ಬೇಯಿಸಿದಾಗ ಅಂಟೆಲ್ಲ ನೀರಿಗಿಳಿಯುತ್ತದೆ. ಆ ಅಂಟೂ ಒಂದು ಪ್ರೋಟೀನು. ಅದನ್ನು ಬಟ್ಟೆಗೆ ಕುಡಿಸಿದರೆ ಬ್ಯಾಕ್ಟೀರಿಯಾ ಬೆಳೆಯದಂಥ ಗಾಯದ ಪಟ್ಟಿ ಆದೀತೇ ಎಂಬುದು ಅವನು ತಲೆಗೆ ಬಿಟ್ಟುಕೊಂಡ ಹುಳು. ಅದರ ಪರೀಕ್ಷೆಗೇ ತುಂಡುಗಳನ್ನು ನೇಯ್ದು, ಆ ನೀರಲ್ಲಿ ಅದ್ದಿಕೊಡಲು ತರಾಲಿಗೆ ಹೇಳಿದ್ದ. ದಿನವಿಡೀ ಆ ನೀರಲ್ಲಿರುವ ನಿಮ್ಮ ಕೈ ಇಷ್ಟು ಮೆತ್ತಗಿರುವುದು ಹೇಗೆ ಎಂದು ಒಮ್ಮೆ ಕೇಳಿದ್ದ. ಆ ಪ್ರಶ್ನೆ ವಿಜ್ಞಾನದ್ದೋ ಬೇರೆಯದೋ ತಿಳಿಯದೆ ತರಾಲಿ ಒಂದು ವಾರ ಒದ್ದಾಡಿದ್ದಳು.

ಮೆಸೇಜಿಗೆ ಅವಳು ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಅವನೇ ಬಂದ. ಬಿಹುವಿಗೆ ಎರಡೇ ದಿನ ಉಳಿದಿತ್ತು. ಅಂಗಳದಲ್ಲಿ ನೂಲು ಸುತ್ತುತ್ತಿದ್ದ ಅಜ್ಜಿಗೆ ನಮಸ್ಕರಿಸಿ, ಮಗ್ಗದ ಪಕ್ಕ ಕೂತು ನೋಟ್‌ಬುಕ್ ತೆರೆದ.

ಮೂರು ಸಲ ಅದ್ದಿದೆ, ನೆರಳಲ್ಲಿ ಒಣಗಿಸಿದೆ ಎಂದು ತರಾಲಿ ಅವನ ಮುಖ ನೋಡದೆ ಹೇಳಿದಳು. ಉಳಿದ ಹನ್ನೆರಡಕ್ಕೂ ಬ್ಯಾಕ್ಟೀರಿಯಾ ಮುತ್ತಿಕೊಂಡಿದೆ, ಇದೊಂದರ ಹತ್ತಿರ ಮಾತ್ರ ಸುಳಿದಿಲ್ಲ ಎಂದು ಅವನು ಹೇಳಿದ. ಒಂದೇ ಸಲ ಅದ್ದಿ ಎಂದಿದ್ದೆನಲ್ಲ, ಇದಕ್ಕೆ ಮಾತ್ರ ಯಾಕೆ ಮೂರು ಸಲ ಎಂದೂ ಕೇಳಿದ.

ಅವಳಿಗೆ ಅಳು ಬಂತು, ಸಿಟ್ಟೂ ಬಂತು.

“ಅವು ನಿಮ್ಮ ಬ್ಯಾಕ್ಟೀರಿಯಾಕ್ಕೆ ನೇಯ್ದಿದ್ದು,” ಎಂದಳು. “ಇದು ನಿಮ್ಮ ಕುತ್ತಿಗೆಗೆ.”

ಬರೆಯುತ್ತಿದ್ದ ಪೆನ್ನು ನಿಂತಿತು. ಮೃಗೇನನ ಕಿವಿ ಕೆಂಪಾಗಿದ್ದನ್ನು ತರಾಲಿ ಓರೆಗಣ್ಣಲ್ಲೇ ನೋಡಿದಳು. ಅವನು ಚೀಲದಿಂದ ಗಮೋಸಾ ತೆಗೆದು ತೊಡೆಯ ಮೇಲೆ ಹರಡಿದ. ಕೆಂಪು ಹೂವುಗಳ ನಡುವೆ, ಒಂದೇ ಸಾಲಿನಲ್ಲಿ, ಬಿಲ್ಲೆಯಷ್ಟಗಲದ ಎಂಟು ತೂತು.

“ಪರೀಕ್ಷೆಗೆ ಅಂತ ಮಡಿಕೆ ಬಿಚ್ಚದೇನೇ ಗುಂಡಗೆ ಕತ್ತರಿಸಿಬಿಟ್ಟೆ,” ಎಂದ. “ಬಿಚ್ಚಿದ ಮೇಲೆ ಹೂವು ಕಾಣಿಸ್ತು. ತಪ್ಪಿ ಬಂದಿದ್ದೋ, ನನಗೇ ಅಂತ ಇಟ್ಟಿದ್ದೋ ಕೇಳೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ಎಷ್ಟು ಸಲ ಅದ್ದಿದ್ರಿ ಅಂತ ಕೇಳ್ದೆ.”

ತರಾಲಿಗೆ ನಗು ತಡೆಯಲಾಗಲಿಲ್ಲ. ಇಷ್ಟು ಓದಿದವನಿಗೆ ಇಷ್ಟು ಪುಕ್ಕಲುತನವೇ?

ಅಜ್ಜಿ ಅಂಗಳದಿಂದಲೇ ಕಣ್ಣು ಕಿರಿದಾಗಿಸಿ ನೋಡಿದಳು. “ಅಯ್ಯೋ, ಇಲಿ ಕಡಿದಿದೆಯಲ್ಲೇ.”

“ಗುವಾಹಟಿ ಇಲಿ, ಅಜ್ಜಿ,” ಎಂದಳು ತರಾಲಿ. ಆಮೇಲೆ ತಗ್ಗಿದ ದನಿಯಲ್ಲಿ, ಕೊಡಿ, ಬಿಹುವಿನೊಳಗೆ ಬೇರೆ ನೇಯ್ದು ಕೊಡುತ್ತೇನೆ ಎಂದು ಕೈ ಚಾಚಿದಳು.

ಅವನು ಕೊಡಲಿಲ್ಲ. ಗಮೋಸಾವನ್ನು ಕುತ್ತಿಗೆಗೆ ಸುತ್ತಿಕೊಂಡ. ಒಂದು ತೂತಿನಿಂದ ಅವನ ಅಂಗಿಯ ಗುಂಡಿ ಇಣುಕಿತು.

“ಹಬ್ಬಕ್ಕೆ ಇದನ್ನೇ ಹಾಕ್ಕೋತೀನಿ, ತರಾಲಿ. ಯಾರು ಕೊಟ್ಟಿದ್ದು ಅಂತ ಊರೆಲ್ಲ ಕೇಳುತ್ತೆ. ನಿನ್ನ ಹೆಸರು ಹೇಳಲಾ?”

ಅವನು ಮೊದಲ ಸಲ ‘ನಿನ್ನ’ ಎಂದಿದ್ದ. ತರಾಲಿ ಮಗ್ಗದ ಲಾಳಿ ಕೈಗೆತ್ತಿಕೊಂಡಳು.

“ಹೇಳು,” ಎಂದಳು. “ತೂತು ಮಾಡಿದವನ ಹೆಸರೂ ಹೇಳು.”