ಬಿಟ್ಟಿ ಸವಾರಿ ಬಂದ ಬಸವನಹುಳು

"ನೋಡಿ ಡಾಕ್ಟ್ರಮ್ಮ, ಇವನೇ ಕೊಲೆಗಾರ. ತಂದು ಬಿಟ್ಟೋಳು ನನ್ನ ಸೊಸೆ."

ಗಡಿಯಾರದಜ್ಜ ಗಾಜಿನ ಲೋಟವೊಂದನ್ನು ಮೇಜಿನ ಮೇಲೆ ಕುಕ್ಕಿದರು. ಅದರೊಳಗಿನ ಉಪ್ಪುನೀರಿನಲ್ಲಿ ಹುಣಸೆಬೀಜದಷ್ಟು ದಪ್ಪದ ಬಸವನಹುಳುವೊಂದು ಸೊಂಡಿಲಿನಂಥ ಕೊಳವೆ ಚಾಚಿ ಗಾಜನ್ನು ತಡಕುತ್ತಿತ್ತು. ಡಾಕ್ಟ್ರಮ್ಮನ ತಂಗಿಗೆ ಮೈ ಜುಮ್ಮೆಂದಿತು. ಲೋಟ ತಮ್ಮ ಮನೆಯದಲ್ಲವಲ್ಲ ಎಂದು ಸಮಾಧಾನವೂ ಆಯಿತು.

ಅವಳ ಅಕ್ಕ ನಿವೃತ್ತ ಹಲ್ಲಿನ ಡಾಕ್ಟರು. ಬೀಗದ ಕೈ ಕಳೆಯಲಿ, ಹಾಲಿನ ಪೊಟ್ಟಣ ಮಾಯವಾಗಲಿ, ಆ ಕಟ್ಟಡದವರೆಲ್ಲ ತಟ್ಟುತ್ತಿದ್ದುದು ಡಾಕ್ಟ್ರಮ್ಮನ ಬಾಗಿಲನ್ನೇ. ಗಂಡ ಹೋದಮೇಲೆ ತಂಗಿ ಅಕ್ಕನ ಮನೆ ಸೇರಿದ್ದಳು. ಕೇಸು ಬಂದಾಗಷ್ಟೇ ಅಕ್ಕನ ಬಾಯಿ ಬಿಚ್ಚುತ್ತಿತ್ತು. ಉಳಿದ ದಿನ ಮನೆಯಲ್ಲಿ ಫ್ರಿಜ್ಜಿನದೊಂದೇ ಸದ್ದು. ಹಾಗಾಗಿ ಯಾರಾದರೂ ಏನಾದರೂ ಕಳೆದುಕೊಳ್ಳಲಪ್ಪ ಎಂದು ತಂಗಿ ಒಳಗೊಳಗೇ ಹಾರೈಸುತ್ತಿದ್ದಳು. ಪಾಪದ ಆಸೆಯೇ, ಏನು ಮಾಡುವುದು?

ಮೇಲಿನ ಮಹಡಿಯ ಗಡಿಯಾರದಜ್ಜ ಬದುಕಿಡೀ ವಾಚು ರಿಪೇರಿ ಮಾಡಿದವರು. ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು. ಆಕೆ ಬಿಟ್ಟುಹೋದದ್ದು ಒಂದು ಅಕ್ವೇರಿಯಂ. ಒಳಗೆ ಸಮುದ್ರದ ನೀರು, ಬಂಡೆ, ಬಂಡೆಯ ತುಂಬ ಅಂಗಿಗುಂಡಿ ಹರಡಿದ ಹಾಗೆ ಜೀವಂತ ಹವಳದ ಹೂಗಳು. ಈಗ ಆ ಹೂಗಳು ಒಂದೊಂದಾಗಿ ಮುದುಡಿ ಮಾಯವಾಗುತ್ತಿದ್ದವು.

"ಸೊಸೆ ಯಾಕೆ ಹಾಗೆ ಮಾಡ್ತಾಳೆ?" ಡಾಕ್ಟ್ರಮ್ಮ ಕೇಳಿದರು.

"ಅವಳಿಗೆ ಆ ತೊಟ್ಟಿ ಕಂಡ್ರಾಗಲ್ಲ. ನಾನು ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಕೊಂಡು ಮಲಗಿದ್ದೆನಲ್ಲ, ಆಗ ಪೊರೆ ಬಂದು ಏನೂ ಕಾಣದ ಇನ್ನೊಂದು ಕಣ್ಣಿಗೆ ಔಷಧಿ ಹಾಕೋಕೆ ಬಂದ್ಲು. ತೋಳೆಲ್ಲ ಒದ್ದೆ, ಉಪ್ಪುನೀರಿನ ವಾಸನೆ. ತೊಟ್ಟಿಗೆ ಕೈ ಹಾಕಿದ್ಯಾ ಅಂದ್ರೆ, ಇಲ್ಲ ಮಾವ ಅಂದ್ಲು. ಸುಳ್ಳು ಯಾಕೆ ಹೇಳ್ಬೇಕು? ಆಮೇಲೇ ಶುರುವಾಗಿದ್ದು ಇದೆಲ್ಲ. ಹಡಗಲ್ಲಿರೋ ಮಗನಿಗೂ ಫೋನ್ ಮಾಡಿ ಹೇಳಿದೀನಿ. ನಾಳೆ ಅವಳು ತವರಿಗೆ, ತೊಟ್ಟಿ ಅಂಗಡಿಗೆ."

"ಆಮೇಲೆ ನೀವು?"

"ನಾನೇನು, ಇರ್ತೀನಿ."

ಅಜ್ಜನ ಕೆನ್ನೆಯ ಮೇಲೆ ಕಣ್ಣಿನ ಔಷಧಿ ಹರಿದು ಒಣಗಿದ ಗೆರೆಯಿತ್ತು. ತಾವೇ ಹಾಕಿಕೊಳ್ಳುತ್ತಿದ್ದಾರೆ, ಅರ್ಧ ಕೆನ್ನೆಗೆ ಹೋಗುತ್ತಿದೆ ಎಂದುಕೊಂಡಳು ತಂಗಿ.

ಮರುದಿನ ಮಧ್ಯಾಹ್ನ ಅಕ್ಕತಂಗಿಯರು ಮೇಲೆ ಹೋದಾಗ ಬಾಗಿಲ ಬಳಿ ಸೊಸೆಯ ಚೀಲ ಸಿದ್ಧವಾಗಿತ್ತು. ಸೊಸೆ ಅಡುಗೆಮನೆಯ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅಕ್ವೇರಿಯಂ ಅಂಗಡಿಯವನು ನೀರಿಳಿಸಲು ಪೈಪು ಹಿಡಿದು ಯಾರ ಮುಖವನ್ನೂ ನೋಡದೆ ಕುಳಿತಿದ್ದ.

"ಸ್ವಲ್ಪ ತಡಿಯಪ್ಪ," ಎಂದು ಡಾಕ್ಟ್ರಮ್ಮ ಲೋಟದ ಹುಳುವನ್ನು ತೊಟ್ಟಿಗೆ ಬಿಟ್ಟು, ದೂರದ ಮೂಲೆಯಲ್ಲಿ ಸತ್ತ ಮೀನಿನ ಚೂರು ಹಾಕಿದರು. ಹುಳು ಕೊಳವೆ ಎತ್ತಿ ಮೂಸಿತು, ಹವಳದ ಬುಡ ಸವರಿಕೊಂಡೇ ಹೊರಟು ಸೀದಾ ಮೀನಿಗೆ ಬಾಯಿ ಹಾಕಿತು.

"ಇವನು ಹೆಣ ಎತ್ತೋನು, ಕೊಲ್ಲೋನಲ್ಲ," ಎಂದರು ಡಾಕ್ಟ್ರಮ್ಮ. "ಸತ್ತ ಜಾಗದಲ್ಲಿ ಕಂಡ ಅಂತ ನೀವು ಹಿಡಿದಿರಿ. ಅಜ್ಜ, ಹೊಸ ಹವಳ ತಂದರೆ ನಿಮ್ಮಾಕೆ ಏನು ಮಾಡ್ತಿದ್ರು?"

"ತಿಂಗಳುಗಟ್ಟಲೆ ಆ ನೀಲಿ ಬಕೆಟ್ಟಲ್ಲಿ ಇಟ್ಟು ಕಾಯೋಳು. ಕಲ್ಲಿನ ಜೊತೆ ಯಾವ ಪೀಡೆ ಬರುತ್ತೋ ಅಂತ. ಅವಳು ಹೋದಮೇಲೆ ಹೊಸದು ಏನೂ ಬಂದಿಲ್ಲ."

ಡಾಕ್ಟ್ರಮ್ಮ ಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದರು. ತಂಗಿ ಟಾರ್ಚು ಹಿಡಿದಳು. ಉದ್ದ ಕಡ್ಡಿಯ ಆ ಕನ್ನಡಿ ಬಂಡೆಯ ಸಂದಿಗಳಲ್ಲಿ ಸುತ್ತಿ, ನಡುವಿನ ಕಿತ್ತಳೆ ಬಣ್ಣದ ಹೂಗಳ ಕೆಳಗೆ ನಿಂತಿತು. ಚಿಮಟ ಒಳಗಿಳಿದು ಹೊರಬಂದಾಗ ಅದರ ತುದಿಯಲ್ಲಿ ಚಪ್ಪಟೆಯ ದುಂಡನೆ ಚಿಪ್ಪಿನ ಇನ್ನೊಂದು ಹುಳುವಿತ್ತು. ಸುತ್ತಲೂ ಚದುರಂಗದ ಮನೆಗಳಂತೆ ಬಿಳಿ, ಕಂದು ಪಟ್ಟೆ. ನೋಡಲು ಮುದ್ದಾಗಿತ್ತು, ಹಾಳಾದ್ದು.

"ಇದು ಈ ಹೂಗಳನ್ನೇ ತಿನ್ನೋ ಜಾತಿ. ಹಗಲು ಬುಡದಲ್ಲಿ ಅಡಗಿರುತ್ತೆ. ಸತ್ತಿರೋದನ್ನ ನೋಡಿ, ಕಿತ್ತಳೆಯ ಅಕ್ಕಪಕ್ಕದವು ಮೊದಲು ಹೋಗಿವೆ, ದೂರದವು ನಗ್ತಾ ಇವೆ. ಅಂದ್ರೆ ಕಳ್ಳ ಇಳಿದಿದ್ದು ಇಲ್ಲೇ."

"ಅದು ನನ್ನವಳು ಮೊದಲು ತಂದ ಹೂವು," ಅಜ್ಜ ಗದರಿದರು. "ಹಳೇದು."

"ವರ್ಷಗಟ್ಟಲೆ ನೀರಲ್ಲಿದ್ದು ಹಳೇ ಕಲ್ಲಿಗೆಲ್ಲ ನೇರಳೆ ಪಾಚಿಯ ಪದರ ಹತ್ತಿದೆ. ಇದರ ಬುಡದ ಕಲ್ಲು, ಅದನ್ನ ಕೂರಿಸಿದ ಅಂಟು ಎರಡೂ ಇನ್ನೂ ಬೆಳ್ಳಗಿವೆ. ನಿಮ್ಮಾಕೆಯ ಕಿತ್ತಳೆ ಹೂವು ನಿಮ್ಮ ಕಣ್ಣಿಗೆ ಪಟ್ಟಿ ಇದ್ದಾಗ ಸತ್ತುಹೋಯ್ತು. ಪಟ್ಟಿ ಬಿಚ್ಚೋದರೊಳಗೆ ಯಾರೋ ಅಂಥದ್ದೇ ಹುಡುಕಿ ತಂದು ಅದೇ ಜಾಗದಲ್ಲಿ ಅಂಟಿಸಿದ್ರು. ಬಕೆಟ್ಟಲ್ಲಿ ಇಟ್ಟು ಕಾದಿದ್ರೆ ನಿಮಗೆ ಗೊತ್ತಾಗಿಬಿಡ್ತಿತ್ತು. ಅದಕ್ಕೇ ಕಾಯಲಿಲ್ಲ. ಅದರ ಜೊತೆ ಈ ಹುಳು ಬಿಟ್ಟಿ ಸವಾರಿ ಬಂತು. ಮನೇಲಿ ಇದ್ದೋರು ಇಬ್ಬರೇ. ಒಬ್ಬರಿಗೆ ಕಣ್ಣಿಗೆ ಪಟ್ಟಿ, ಇನ್ನೊಬ್ಬರ ತೋಳು ಒದ್ದೆ."

ಅಂಗಡಿಯವನು ಪೈಪನ್ನು ಕೆಳಗಿಟ್ಟ. "ಮಾರಿದ್ದು ನಾನೇ. ಯಾರಿಗೂ ಹೇಳ್ಬೇಡಿ ಅಂದಿದ್ರು ಅಕ್ಕ," ಎಂದು ಸೊಸೆಯತ್ತ ಕಣ್ಣು ಹಾಯಿಸಿದ.

ಸೊಸೆ ನೆಲ ನೋಡುತ್ತ ಮೆಲ್ಲಗೆ ಹೇಳಿದಳು, "ಪಟ್ಟಿ ಬಿಚ್ಚಿದ ತಕ್ಷಣ ಅತ್ತೆಯ ಹೂವನ್ನೇ ನೋಡ್ಬೇಕು ಅಂತ ದಿನಾ ಹೇಳ್ತಿದ್ರಿ ಮಾವ. ಇಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಈ ಮನೇಲಿ ನೀವು ನನ್ನ ಹತ್ತಿರ ಆಡ್ತಿದ್ದ ಮಾತೂ ಅದೊಂದೇ."

ತೊಟ್ಟಿಯ ಪಂಪು ಗುಳುಗುಳು ಎನ್ನುತ್ತಿತ್ತು. ತಂಗಿಗೆ ತಮ್ಮ ಫ್ರಿಜ್ಜಿನ ಸದ್ದು ನೆನಪಾಯಿತು. ಎರಡು ಜೀವಗಳು ಒಂದೇ ಸೂರಿನಡಿ ಹೀಗೂ ಬದುಕುತ್ತವಲ್ಲ ಎಂದು ಅವಳಿಗೆ ನಿಜಕ್ಕೂ ದುಃಖವಾಯಿತು.

ಅಜ್ಜ ತೊಟ್ಟಿಯ ಬಳಿ ಬಾಗಿ ಕಿತ್ತಳೆ ಹೂಗಳನ್ನು ನೋಡಿದರು. ಅಂಗಡಿಯವನಿಗೆ ಹೋಗೆಂದು ಕೈಸನ್ನೆ ಮಾಡಿದರು. ಆಮೇಲೆ ಕುರ್ಚಿಯಲ್ಲಿ ಕುಳಿತು, ಜೇಬಿನಿಂದ ಕಣ್ಣಿನ ಔಷಧಿಯ ಸೀಸೆ ತೆಗೆದು ಸೊಸೆಯತ್ತ ಚಾಚಿದರು.

"ನನಗೆ ಸರಿಯಾಗಿ ಹಾಕ್ಕೊಳೋಕೆ ಬರಲ್ಲ ಕಣಮ್ಮ," ಎಂದು ತಲೆ ಹಿಂದಕ್ಕೆ ವಾಲಿಸಿದರು.

ಸೊಸೆ ಬಾಗಿಲ ಬಳಿಯ ಚೀಲದತ್ತ ತಿರುಗಿಯೂ ನೋಡದೆ ಕೈ ತೊಳೆಯಲು ಒಳಗೆ ಹೋದಳು.