ಕೊಳವೆ ಮೊದಲೇ ಸೋತಿತ್ತು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ದೂರು ತಂದವಳು ಮೃತ ಬಾಯ್ಲರ್ ಆಪರೇಟರನ ಅಕ್ಕ. ಹಿಂದಿನ ದಿನ ವಿದ್ಯುತ್ ಕೇಂದ್ರದಲ್ಲಿ ಉಗಿ ಕೊಳವೆ ಸಿಡಿದು ಆತ ಸತ್ತಿದ್ದ.

"ಒತ್ತಡ ಏರಿಸಿ ತಾನೇ ಸತ್ತ ಅಂತಿದ್ದಾರೆ ಮೇಡಂ. ಸತ್ತೋನ ತಲೆಗೆ ಕಟ್ಟೋದು ಸುಲಭ. ಅವನೇನು ಎದ್ದು ಬಂದು ಉತ್ತರ ಕೊಡ್ತಾನಾ?"

"ಹಾಗಂದಿದ್ದು ಯಾರಮ್ಮ?"

"ದುರಸ್ತಿ ವಿಭಾಗದ ಮುಖ್ಯಸ್ಥರು. ಹೆಣ ಮನೆಗೆ ಬರೋಕೆ ಮುಂಚೆನೇ."

ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್, ದಫೇದಾರನೊಂದಿಗೆ ಕೇಂದ್ರಕ್ಕೆ ಹೊರಟರು. ಪಂಚರ ಎದುರು ಪಂಚನಾಮೆ ನಡೆಯಿತು. ಕೊಳವೆ ಉದ್ದಕ್ಕೆ ಬಾಯಿ ಬಿಟ್ಟಿತ್ತು. ಬಿರುಕಿನ ಪಕ್ಕ ಹೆಬ್ಬೆರಳಗಲದ ಜಾಗ ಮಾತ್ರ ನುಣ್ಣಗಿತ್ತು.

"ಯಾರೋ ಉಜ್ಜಿದ್ದಾರೆ ಮೇಡಂ," ಎಂದ ದಫೇದಾರ.

"ಅದನ್ನೂ ಬರ್ಕೊಳ್ಳಿ. ತುಂಡು ಕತ್ತರಿಸಿ ಸೀಲ್ ಮಾಡ್ಸಿ."

ಪ್ರಯೋಗಾಲಯದ ಲೋಹತಜ್ಞ, ಇನ್‌ಸ್ಪೆಕ್ಟರ್ ನೋಡಲೆಂದು ಸೂಕ್ಷ್ಮದರ್ಶಕ ಬಿಟ್ಟು ಸರಿದು ನಿಂತ. ಉಕ್ಕಿನ ಹರಳುಗಳ ಸಂದಿಯಲ್ಲಿ ಕಪ್ಪು ಚುಕ್ಕೆಗಳು ಸಾಲುಗಟ್ಟಿದ್ದವು. ಕೆಲವೆಡೆ ಕೂಡಿಕೊಂಡು ಗೀಟಾಗಿದ್ದವು.

"ಅವು ಟೊಳ್ಳು. ಸದಾ ಬಿಸಿ, ಸದಾ ಒತ್ತಡ ಇದ್ರೆ ಲೋಹ ಇಷ್ಟಿಷ್ಟೇ ಹಿಗ್ಗುತ್ತೆ. ಸಂದೀಲಿ ಟೊಳ್ಳು ಹುಟ್ಟಿ, ಒಂದಕ್ಕೊಂದು ಸೇರಿ ಬಿರುಕಾಗುತ್ತೆ. ಅದಕ್ಕೆ ವರ್ಷಗಟ್ಟಲೆ ಬೇಕು."

"ಒತ್ತಡ ಒಮ್ಮೆಲೇ ಏರಿದ್ರೆ?"

"ಕೊಳವೆ ಉಬ್ಬಿ, ಅಂಚು ಚಾಕುವಿನ ಹಾಗೆ ತೆಳ್ಳಗಾಗ್ತಿತ್ತು. ಇದರ ಅಂಚು ದಪ್ಪವೇ ಇದೆ."

"ಉಜ್ಜಿದ ಜಾಗ?"

"ಈ ಟೊಳ್ಳು ಹುಡುಕೋಕೇ ಹಾಗೆ ಉಜ್ಜಿ, ಮೇಲೆ ತೆಳು ಹಾಳೆ ಒತ್ತಿ ಅಚ್ಚು ತೆಗೆಯೋದು. ನಿಮಗಿಂತ ಮುಂಚೆ ಯಾರೋ ನೋಡಿದ್ದಾರೆ."

ಇನ್‌ಸ್ಪೆಕ್ಟರ್‌ಗೆ ಇನ್ನು ಅನುಮಾನವಿರಲಿಲ್ಲ. ಕೊಳವೆ ಉಜ್ಜಿದ್ದ ಕೇಂದ್ರದ ಫಿಟ್ಟರನನ್ನು ಪತ್ತೆ ಹಚ್ಚಿ ಹೇಳಿಕೆ ಪಡೆದು, ದುರಸ್ತಿ ವಿಭಾಗದ ಮುಖ್ಯಸ್ಥನನ್ನು ಠಾಣೆಗೆ ಕರೆಸಿದರು.

"ಕೊಳವೆ ಪರೀಕ್ಷೆ ಮಾಡ್ಸಿದ್ರಾ?"

"ಇಲ್ಲ."

"ಉಜ್ಜಿದ ಗುರುತಿದೆ."

"ತುಕ್ಕು ತೆಗೆಸಿರ್ತೀವಿ."

"ಅಷ್ಟುದ್ದದ ಕೊಳವೇಲಿ ಅದೊಂದೇ ಕಡೆ? ನೀವು ಹೇಳಿ ಉಜ್ಜಿಸಿದ ಫಿಟ್ಟರ್ ಹೊರಗೆ ಕೂತಿದ್ದಾನೆ. ಕರೀಲಾ?"

ಮುಖ್ಯಸ್ಥನ ಮುಖ ಇಳಿಯಿತು. "ಬೇಡ. ಅಚ್ಚು ನಾನೇ ನೋಡ್ದೆ."

"ಆಮೇಲೂ ಬಾಯ್ಲರ್ ಯಾಕೆ ನಿಲ್ಲಿಸಲಿಲ್ಲ?"

"ಕೊಳವೆಗೆ ಆ ಜಾತಿ ಉಕ್ಕು ಬೇಡ ಅಂತ ಎಲ್ಲರೂ ಹೇಳಿದ್ರು. ಎದೆ ತಟ್ಕೊಂಡು ಹಾಕ್ಸಿದ್ದು ನಾನು. ಈ ವರ್ಷ ನಿವೃತ್ತಿ. ಅಲ್ಲೀವರೆಗೆ ತಡ್ಕೊಳ್ಳುತ್ತೆ ಅಂದ್ಕೊಂಡೆ."

ಗುರುವಾರ ಸಂಜೆ ಐದಕ್ಕೆ ಮುಖ್ಯಸ್ಥನ ಬಂಧನವಾಯಿತು. ಇನ್‌ಸ್ಪೆಕ್ಟರ್ ತಾವೇ ಅಕ್ಕನಿಗೆ ಫೋನ್ ಮಾಡಿದರು.

"ನಿಮ್ಮ ತಮ್ಮನ ತಪ್ಪು ಏನೂ ಇಲ್ಲಮ್ಮ."

"ಮುಖ್ಯಸ್ಥರಿಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."



"ಅವರನ್ನ ನನ್ನ ತಮ್ಮ ಗುರುಗಳೇ ಅಂತ ಕರೀತಿದ್ದ."